ಅವಾಹಕದಲ್ಲಿ ಸೆರೆಸಿಕ್ಕ ಮಿಂಚು

1994ರ ಜನವರಿ 20ರಂದು ಕೆನಡಾದ ಅನಿಕ್ ಇ-1 ಸಂಪರ್ಕ ಉಪಗ್ರಹ ಇದ್ದಕ್ಕಿದ್ದಂತೆ ಹತೋಟಿ ತಪ್ಪಿತು. ಕೆಲವೇ ಗಂಟೆಗಳಲ್ಲಿ ಅದರ ಜೋಡಿ ಅನಿಕ್ ಇ-2 ಕೂಡ ಅದೇ ಹಾದಿ ಹಿಡಿಯಿತು. ಆ ದೇಶದ ಉತ್ತರದ ದೂರದೂರದ ಊರುಗಳಲ್ಲಿ ದೂರವಾಣಿ, ಟಿ.ವಿ. ಸಂಪರ್ಕ ಕಡಿದುಹೋಯಿತು. ಮೊದಲನೆಯದು ಬೇಗ ಸರಿಹೋಯಿತು. ಎರಡನೆಯದನ್ನು ಮತ್ತೆ ಕೆಲಸಕ್ಕೆ ಹಚ್ಚಲು ತಿಂಗಳುಗಳೇ ಹಿಡಿದವು. ತಜ್ಞರು ಬೆರಳು ಮಾಡಿ ತೋರಿದ್ದು, ಭೂಮಿಯನ್ನು ಸುತ್ತುವರಿದ ವಿಕಿರಣ ಪಟ್ಟಿಯಲ್ಲಿನ ಅತಿವೇಗದ ಎಲೆಕ್ಟ್ರಾನುಗಳತ್ತ.

ವಿದ್ಯುತ್ತನ್ನು ಹರಿಯಗೊಡದ ಗಾಜು, ರಾಳ, ಪ್ಲಾಸ್ಟಿಕ್‌ನಂಥ ವಸ್ತುಗಳಿಗೆ ಅವಾಹಕಗಳೆಂದು ಹೆಸರು. ಇವುಗಳ ವಿಚಿತ್ರ ಗುಣವೊಂದು 1777ರಲ್ಲೇ ಬೆಳಕಿಗೆ ಬಂದಿತ್ತು. ಜರ್ಮನಿಯ ಗಾಟಿಂಗನ್‌ನಲ್ಲಿ ಪ್ರಾಧ್ಯಾಪಕನಾಗಿದ್ದ ಲಿಖ್ಟೆನ್‌ಬರ್ಗ್, ವಿದ್ಯುದಾವೇಶ ಪಡೆದ ರಾಳದ ಬಿಲ್ಲೆಯ ಮೇಲೆ ಧೂಳು ನಕ್ಷತ್ರಗಳಂತೆ, ಕವಲೊಡೆದ ಕೊಂಬೆಗಳಂತೆ ಕೂತಿದ್ದನ್ನು ಕಂಡ. ಅವಾಹಕದ ಮೇಲೆ ಬಿದ್ದ ವಿದ್ಯುತ್ತು ಬಿದ್ದಲ್ಲೇ ಉಳಿಯುತ್ತದೆ ಎಂಬುದಕ್ಕೆ ಆ ಚಿತ್ತಾರವೇ ಸಾಕ್ಷಿ.

ಅದು ಮೇಲ್ಮೈಯ ಮಾತಾಯಿತು. ವೇಗದ ಎಲೆಕ್ಟ್ರಾನಾದರೋ ಒಳಕ್ಕೇ ನುಗ್ಗುತ್ತದೆ. ಎಷ್ಟು ಆಳಕ್ಕೆ? ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯದು ಅಲ್ಯೂಮಿನಿಯಂನಲ್ಲಿ ಹೆಚ್ಚೆಂದರೆ ಸುಮಾರು 2 ಮಿಲಿಮೀಟರ್, ಪ್ಲಾಸ್ಟಿಕ್‌ನಲ್ಲಿ ಸುಮಾರು 4 ಮಿಲಿಮೀಟರ್ ಸಾಗೀತು. ಹಾದಿಯೇನೂ ನೇರವಲ್ಲ, ಸಂತೆಯ ಜನಜಂಗುಳಿಯಲ್ಲಿ ಓಡುವ ಹುಡುಗನಂತೆ ಪರಮಾಣುಗಳ ನಡುವೆ ಅತ್ತಿತ್ತ ತಿರುಗುತ್ತ, ಶಕ್ತಿ ಕಳೆದುಕೊಂಡು ನಿಲ್ಲುತ್ತದೆ. ಈ ಆಳವನ್ನು ಮುಖ್ಯವಾಗಿ ನಿರ್ಧರಿಸುವುದು ವಸ್ತುವಿನ ಸಾಂದ್ರತೆ.

ಲೋಹಕ್ಕೂ ಅವಾಹಕಕ್ಕೂ ನಿಜವಾದ ಭೇದ ಕಾಣುವುದು ಎಲೆಕ್ಟ್ರಾನ್ ನಿಂತ ಮೇಲೆ. ಲೋಹದಲ್ಲಿ ಅದು ಹರಿದುಹೋಗುತ್ತದೆ, ಅವಾಹಕದಲ್ಲಿ ಸೆರೆಯಾಗುತ್ತದೆ. ಒಂದರ ಹಿಂದೆ ಒಂದು ಬಂದು ದಿನಗಟ್ಟಲೆ ಕೂಡಿಕೊಂಡರೆ, ಒಂದು ಗಳಿಗೆಯಲ್ಲಿ ವಸ್ತುವನ್ನೇ ಸೀಳಿ ಕಿಡಿ ಹಾರುತ್ತದೆ. ಪ್ರಯೋಗಶಾಲೆಯಲ್ಲಿ ಹೀಗೆ ಸಿಡಿದ ಅಕ್ರಿಲಿಕ್ ಗಟ್ಟಿಯೊಳಗೆ ಮರದಾಕಾರದ ಬಿರುಕು ಮೂಡುತ್ತದೆ. ನೋಡಲು ಸುಂದರ. ಆದರೆ ಉಪಗ್ರಹದ ತಂತಿಯ ಹೊದಿಕೆಯಲ್ಲೋ ಸರ್ಕ್ಯೂಟ್ ಹಲಗೆಯಲ್ಲೋ ಇದೇ ನಡೆದರೆ ಯಂತ್ರದ ಬುದ್ಧಿಯೇ ಕೆಡುತ್ತದೆ.

ಅನಿಕ್ ಪ್ರಕರಣಕ್ಕೆ ಮೊದಲೇ ಎಚ್ಚರಿಕೆ ಸಿಕ್ಕಿತ್ತು. 1990ರಲ್ಲಿ ಅಮೆರಿಕ ಹಾರಿಸಿದ ‘ಕ್ರೆಸ್’ ಉಪಗ್ರಹ 16 ಅವಾಹಕ ಮಾದರಿಗಳನ್ನು ಹೊತ್ತೊಯ್ದಿತ್ತು. ಸುಮಾರು 14 ತಿಂಗಳಲ್ಲಿ ಅವುಗಳಲ್ಲಿ ದಾಖಲಾದ ಸಿಡಿತಗಳು 4,000ಕ್ಕೂ ಹೆಚ್ಚು! ಆದರೆ ಅನಿಕ್ ಜೋಡಿ ಕಕ್ಷೆ ಸೇರಿದ್ದು 1991ರಲ್ಲಿ. ಆಗಿನ್ನೂ ಕ್ರೆಸ್‌ನ ಪಾಠ ಮುಗಿದಿರಲಿಲ್ಲ.

ಕವಚವನ್ನು ದಪ್ಪವಾಗಿಸಿದರೆ ಒಳಬರುವ ಎಲೆಕ್ಟ್ರಾನುಗಳು ಕಡಿಮೆಯಾಗುತ್ತವೆ, ನಿಜ. ಆದರೆ ಉಪಗ್ರಹದ ತೂಕ ಏರುತ್ತದೆ. ಆದ್ದರಿಂದ ವಿನ್ಯಾಸಕಾರರು ಇಂದು ಕವಚದ ಜೊತೆಗೆ ಇನ್ನೊಂದು ಉಪಾಯವನ್ನೂ ಮಾಡುತ್ತಾರೆ: ಒಳಬಂದ ಎಲೆಕ್ಟ್ರಾನು ಮೆಲ್ಲಗೆ ಸೋರಿಹೋಗಲು ದಾರಿ ಬಿಡುತ್ತಾರೆ.