ನೆಟ್‌ವರ್ಕ್ ಉಪಕರಣಗಳ ವಿದ್ಯುತ್ ಮತ್ತು ತಂಪು ನಿರ್ವಹಣೆ

ರೂಟರ್, ಸ್ವಿಚ್‌ಗಳ ಪವರ್ ಸಪ್ಲೈ, ಫ್ಯಾನ್ ಹಾಗೂ ಒಳಗಿನ ಉಷ್ಣತೆಯನ್ನು ಕಮಾಂಡ್ ಟೈಪ್ ಮಾಡಿ ಗಮನಿಸುವ, ನಿಯಂತ್ರಿಸುವ ವಿಧಾನ. ಸಿಸ್ಕೋ ಉಪಕರಣಗಳಲ್ಲಿ ‘ಶೋ ಎನ್ವಿರಾನ್‌ಮೆಂಟ್’, ಜುನಿಪರ್‌ನಲ್ಲಿ ‘ಶೋ ಚಾಸಿಸ್ ಎನ್ವಿರಾನ್‌ಮೆಂಟ್’ ಇವನ್ನು ಗಮನಿಸಲು ಇರುವ ಕಮಾಂಡ್‌ಗಳು. ಸಿಸ್ಕೋದ ಕ್ಯಾಟಲಿಸ್ಟ್ 6500 ಸ್ವಿಚ್ಚಿನ ಎರಡು ಪವರ್ ಸಪ್ಲೈಗಳನ್ನು ಎರಡು ರೀತಿಯಲ್ಲಿ ದುಡಿಸಬಹುದು. ‘ರಿಡಂಡೆಂಟ್’ ಕ್ರಮದಲ್ಲಿ ಒಂದು ಕೆಟ್ಟರೆ ಇನ್ನೊಂದೇ ಪೂರ್ತಿ ಹೊರೆ ಹೊರುತ್ತದೆ. ‘ಕಂಬೈನ್ಡ್’ ಕ್ರಮದಲ್ಲಿ ಎರಡರ ಶಕ್ತಿಯೂ ಸಿಗುತ್ತದೆ. ಆದರೆ ಒಂದು ಕೈಕೊಟ್ಟರೆ ಕೆಲವು ಮಾಡ್ಯೂಲ್‌ಗಳು (ಸ್ವಿಚ್ಚಿಗೆ ಸಿಕ್ಕಿಸುವ ಕಾರ್ಡ್‌ಗಳು) ಆರಿಹೋಗಬಹುದು. ಬೇಡದ ಮಾಡ್ಯೂಲಿನ ವಿದ್ಯುತ್ತನ್ನು ‘ನೋ ಪವರ್ ಎನೇಬಲ್ ಮಾಡ್ಯೂಲ್’ ಎಂದು ಕಡಿಯಬಹುದು.

ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಂಥ ಕಡೆ ಈ ವಿಧಾನದ ಉಪಯೋಗವೂ ಮಿತಿಯೂ ಒಟ್ಟಿಗೇ ಕಾಣುತ್ತವೆ. ಮರ ಬಿದ್ದು ರಸ್ತೆ ಕಟ್ಟಿದರೂ ಕೇಬಲ್ ಉಳಿದಿದ್ದರೆ, ಫ್ಯಾನ್ ನಿಂತದ್ದು ದೂರದ ಶಿವಮೊಗ್ಗದಲ್ಲೇ ತಿಳಿಯುತ್ತದೆ. ಕರೆಂಟ್ ಹೋಗಿ ಬ್ಯಾಟರಿಯೂ ಬರಿದಾದರೆ ಕಮಾಂಡ್ ತಲುಪುವುದಿಲ್ಲ. ತೇವದ ತೊಂದರೆಯೂ ಇದೆ. ಚಾಲನೆಯಲ್ಲಿರುವ ಉಪಕರಣ ತನ್ನ ಬಿಸಿಯಿಂದ ತೇವವನ್ನು ತಕ್ಕಮಟ್ಟಿಗೆ ದೂರವಿಡುತ್ತದೆ. ಆರಿ ತಣ್ಣಗಾದದ್ದರ ಮೇಲೆಯೇ ಪಸೆ ಕೂರುವುದು. ಸಾಮಾನ್ಯ ಸ್ವಿಚ್ಚಿನ ಸೆನ್ಸರ್ ಅಳೆಯುವುದು ಬಿಸಿಯನ್ನು, ತೇವವನ್ನಲ್ಲ. ತುಕ್ಕು ಹಿಡಿದ ಕನೆಕ್ಟರನ್ನು ನೋಡಲು ಆಳೇ ಹೋಗಬೇಕು.