ಮದ್ದುಗುಂಡುಗಳ ತಯಾರಿಕೆ, ಮರುಭರ್ತಿ ಮತ್ತು ಖರೀದಿ: ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡಿನ ಬಂದೂಕು ಪರವಾನಗಿದಾರರಿಗೆ ಮಾಹಿತಿ

1. ಪೀಠಿಕೆ

ಆತ್ಮರಕ್ಷಣೆ ಅಥವಾ ಬೆಳೆ ರಕ್ಷಣೆಗಾಗಿ ಬಂದೂಕು ಪರವಾನಗಿ ಹೊಂದಿರುವ ಹಾಗೂ ಪಡೆಯಲಿಚ್ಛಿಸುವ ನಾಗರಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಬಂದೂಕಿಗೆ ಪರವಾನಗಿ ದೊರೆತ ಮಾತ್ರಕ್ಕೆ ಮನೆಯಲ್ಲಿ ಮದ್ದುಗುಂಡು ತಯಾರಿಸಲು, ಇಲ್ಲವೇ ಹಾರಿಸಿದ ಖಾಲಿ ತೋಟಾವನ್ನು ಪುನಃ ತುಂಬಲು ಅನುಮತಿ ದೊರೆತಂತಾಗುವುದಿಲ್ಲ. ಸದರಿ ವ್ಯತ್ಯಾಸವನ್ನು ಅರಿಯದೆ ಸ್ವಲ್ಪ ಹಣ ಉಳಿಸಲು ಮಾಡುವ ಪ್ರಯತ್ನವು ಅಂಗವೈಕಲ್ಯಕ್ಕೂ ದೀರ್ಘ ಕಾರಾಗೃಹ ವಾಸಕ್ಕೂ ಕಾರಣವಾಗಬಹುದು.

2. ತೋಟಾದ ರಚನೆ ಮತ್ತು ತಯಾರಿಕೆ

ಒಂದು ತೋಟಾದಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿರುತ್ತವೆ: ಹೊರಕವಚ, ತಳದಲ್ಲಿ ಹೊಡೆತಕ್ಕೆ ಕಿಡಿ ನೀಡುವ ಕೇಪು, ಒಳಗಿನ ಮದ್ದು ಮತ್ತು ಮುಂದಿರುವ ಗುಂಡು. ಬೆಳೆ ರಕ್ಷಣೆಯಲ್ಲಿ ಹೆಚ್ಚಾಗಿ ಬಳಸುವ 12 ಬೋರ್ ತೋಟಾದಲ್ಲಿ ಒಂದೇ ಗುಂಡಿನ ಬದಲು ಸಾಮಾನ್ಯವಾಗಿ ಸೀಸದ ಸಣ್ಣ ಗುಂಡುಗಳಿರುತ್ತವೆ. ಮದ್ದಿಗೂ ಗುಂಡುಗಳಿಗೂ ನಡುವೆ ತಡೆ ಬಿಲ್ಲೆ ಇರುತ್ತದೆ. ಕೊಳವೆಯ ವ್ಯಾಸಕ್ಕೆ ಸರಿಹೊಂದುವ 12 ಸೀಸದ ಗೋಲಿಗಳು ಸೇರಿ ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ತೂಗುವುದರಿಂದ 12 ಬೋರ್ ಎಂಬ ಹೆಸರು ಬಂದಿದೆ. ಈ ವ್ಯಾಸವು ಸುಮಾರು 18.5 ಮಿ.ಮೀ. ಇರುತ್ತದೆ.

ಭಾರತದಲ್ಲಿ ಮದ್ದುಗುಂಡು ತಯಾರಿಕೆಗೆ ದೀರ್ಘ ಇತಿಹಾಸವಿದೆ. ಪುಣೆ ಸಮೀಪದ ಖಡಕಿಯ ಮದ್ದುಗುಂಡು ಕಾರ್ಖಾನೆಯು 1869ರಲ್ಲಿ ಸ್ಥಾಪನೆಗೊಂಡಿದ್ದು, 2021ರ ಅಕ್ಟೋಬರ್ 1ರಿಂದ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಯ ಅಡಿಯಲ್ಲಿದೆ. ಕಾರ್ಖಾನೆಗಳಲ್ಲಿ ಕವಚ, ಕೇಪು ಮತ್ತು ಮದ್ದನ್ನು ಪ್ರತ್ಯೇಕ ವಿಭಾಗಗಳಲ್ಲಿ ಸಿದ್ಧಪಡಿಸಿ, ಮದ್ದನ್ನು ನಿಖರವಾಗಿ ಅಳೆದು ತುಂಬಲಾಗುತ್ತದೆ. ಪ್ರತಿ ತಂಡದಿಂದ ಮಾದರಿಗಳನ್ನು ಆಯ್ದು, ಹಾರಿಸಿದಾಗ ಉಂಟಾಗುವ ಒತ್ತಡ ಹಾಗೂ ವೇಗವನ್ನು ಉಪಕರಣಗಳಿಂದ ಪರೀಕ್ಷಿಸಲಾಗುತ್ತದೆ. ಇಂತಹ ಪರೀಕ್ಷೆಯು ಮನೆಯಲ್ಲಿ ಸಾಧ್ಯವಿಲ್ಲ.

3. ಮನೆಯಲ್ಲಿ ಮರುಭರ್ತಿ ಏಕೆ ಅಪಾಯಕಾರಿ

(ಅ) ಕರಿಮದ್ದು ಮತ್ತು ಹೊಗೆರಹಿತ ಮದ್ದು ಒಂದೇ ಅಲ್ಲ. ಅಳತೆ ಒಂದೇ ಆದರೂ ಹೊಗೆರಹಿತ ಮದ್ದು ಹಲವು ಪಟ್ಟು ಹೆಚ್ಚಿನ ಒತ್ತಡವನ್ನುಂಟುಮಾಡುತ್ತದೆ. ಕರಿಮದ್ದಿಗಾಗಿ ನಿರ್ಮಿಸಿದ ಹಳೆಯ ಬಂದೂಕಿನಲ್ಲಿ ಇದನ್ನು ಬಳಸಿದರೆ ಕೊಳವೆ ಸಿಡಿಯಬಹುದು.

(ಆ) ಕೇಪಿನಲ್ಲಿರುವ ರಾಸಾಯನಿಕವು ತಟ್ಟಿದರೆ ಅಥವಾ ಉಜ್ಜಿದರೆ ಸಿಡಿಯುವಷ್ಟು ಸೂಕ್ಷ್ಮವಾಗಿರುತ್ತದೆ.

(ಇ) ಒಮ್ಮೆ ಹಾರಿಸಿದ ಕವಚವು ಹಿಗ್ಗಿ ದುರ್ಬಲಗೊಂಡಿರುತ್ತದೆ. ಸೂಕ್ಷ್ಮ ಬಿರುಕುಗಳು ಬರಿಗಣ್ಣಿಗೆ ಕಾಣುವುದಿಲ್ಲ.

(ಈ) ಗಣಿ ಮತ್ತು ಕಲ್ಲುಕ್ವಾರಿಗಳ ಸ್ಫೋಟಕಗಳು ಬಂಡೆ ಒಡೆಯಲು ತಯಾರಾದವು. ಅವುಗಳನ್ನು ಬಂದೂಕಿಗೆ ತುಂಬುವುದು ಅಥವಾ ಹಂದಿಗಳಿಗಾಗಿ ಸಿಡಿಮದ್ದು ಮಾಡುವುದು ಪ್ರಾಣಾಪಾಯಕರವಾಗಿದ್ದು, ಸ್ಫೋಟಕ ಕಾಯ್ದೆಗಳಡಿ ಪ್ರತ್ಯೇಕ ಅಪರಾಧವೂ ಆಗಿರುತ್ತದೆ.

4. ಕಾನೂನಿನ ಉಪಬಂಧಗಳು

ಆಯುಧ ಕಾಯ್ದೆ, 1959ರ 2ನೇ ಪ್ರಕರಣದ ಪ್ರಕಾರ ಮದ್ದುಗುಂಡಿನ ಭಾಗಗಳು ಹಾಗೂ ಅದನ್ನು ತಯಾರಿಸುವ ಯಂತ್ರೋಪಕರಣಗಳು ಸಹ 'ಮದ್ದುಗುಂಡು' ಎಂದೇ ಪರಿಗಣಿತವಾಗುತ್ತವೆ. 5ನೇ ಪ್ರಕರಣದ ಪ್ರಕಾರ ತಯಾರಿಕೆಗೆ ಪ್ರತ್ಯೇಕ ಪರವಾನಗಿ ಕಡ್ಡಾಯ. ಇದರ ಉಲ್ಲಂಘನೆಗೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಕಾರಾಗೃಹ ವಾಸ ಮತ್ತು ದಂಡ ವಿಧಿಸಬಹುದಾಗಿದೆ.

ಜೊತೆಗೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಸಣ್ಣ ಬಿಡಿಭಾಗಗಳಿಗೆ 45ನೇ ಪ್ರಕರಣದಲ್ಲಿ ವಿನಾಯಿತಿ ಇದೆ. ಆದರೆ ಖಾಲಿ ಕವಚಗಳ ಜೊತೆಗೆ ಮದ್ದು ಮತ್ತು ಕೇಪುಗಳನ್ನೂ ಸಂಗ್ರಹಿಸಿಟ್ಟಲ್ಲಿ ಸದರಿ ವಿನಾಯಿತಿಯನ್ನು ಕೋರುವುದು ಕಷ್ಟ.

ಕೊಡವರು ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಇರುವ ಪರವಾನಗಿ ವಿನಾಯಿತಿಯು ಬಳ್ಳಾರಿ ಜಿಲ್ಲೆಯ ಇತರ ನಾಗರಿಕರಿಗೆ ಅನ್ವಯಿಸುವುದಿಲ್ಲ.

5. ಕೊಳವೆಯ ಬಾಯಿಯಿಂದ ಮದ್ದು ತುಂಬುವ ಬಂದೂಕುಗಳು

ನೈಜ ಬೆಳೆ ರಕ್ಷಣೆಗಾಗಿ ಇಂತಹ ಬಂದೂಕಿಗೆ ಪರವಾನಗಿ ನೀಡಲು ಕಾಯ್ದೆಯ 13ನೇ ಪ್ರಕರಣದಲ್ಲಿ ಅವಕಾಶವಿದೆ. ಅದು ಸಾಲದೆಂದು ಪ್ರಾಧಿಕಾರಕ್ಕೆ ಮನವರಿಕೆಯಾದಲ್ಲಿ ಒಳಗೆರೆಗಳಿಲ್ಲದ ನಯ ಕೊಳವೆಯ ಬೇರೆ ಬಂದೂಕಿಗೆ ಪರವಾನಗಿ ನೀಡಬಹುದು. ಪ್ರತಿ ಬಾರಿ ಮದ್ದು ತುಂಬಿ ಹಾರಿಸುವುದು ಈ ಬಂದೂಕಿನ ಸಹಜ ಬಳಕೆಯೇ ಆಗಿರುತ್ತದೆ. ಆದರೆ ಮದ್ದು ಮತ್ತು ಕೇಪುಗಳನ್ನು ಅಧಿಕೃತ ಮಾರಾಟಗಾರರಿಂದಲೇ ಪಡೆಯತಕ್ಕದ್ದು; ಮದ್ದನ್ನು ಸ್ವತಃ ಅರೆದು ತಯಾರಿಸತಕ್ಕದ್ದಲ್ಲ.

6. ಪರವಾನಗಿ ಮತ್ತು ಖರೀದಿ

ಅರ್ಜಿಯನ್ನು ಕೇಂದ್ರ ಗೃಹ ಸಚಿವಾಲಯದ ಆಯುಧ ಪರವಾನಗಿ ಜಾಲತಾಣದ ಮೂಲಕ ಸಲ್ಲಿಸತಕ್ಕದ್ದು. ಪರವಾನಗಿ ನೀಡುವ ಪ್ರಾಧಿಕಾರಿಯು ಜಿಲ್ಲಾ ದಂಡಾಧಿಕಾರಿಗಳೂ ಆಗಿರುವ ಜಿಲ್ಲಾಧಿಕಾರಿಗಳು. ಪೊಲೀಸ್ ವರದಿಯನ್ನು ಪಡೆದು ಅರ್ಜಿಯನ್ನು ಪರಿಶೀಲಿಸಲಾಗುತ್ತದೆ. ಗುರುತು ಹಾಗೂ ವಿಳಾಸದ ದಾಖಲೆಗಳನ್ನು, ಬೆಳೆ ರಕ್ಷಣೆಯ ಅರ್ಜಿಯಾದಲ್ಲಿ ಪಹಣಿಯನ್ನೂ ಸಿದ್ಧವಾಗಿಟ್ಟುಕೊಳ್ಳುವುದು ಸೂಕ್ತ.

ಒಮ್ಮೆಗೆ ಹೊಂದಬಹುದಾದ ಹಾಗೂ ವರ್ಷಕ್ಕೆ ಖರೀದಿಸಬಹುದಾದ ತೋಟಾಗಳ ಸಂಖ್ಯೆಯನ್ನು ಪರವಾನಗಿಯಲ್ಲಿಯೇ ನಮೂದಿಸಲಾಗಿರುತ್ತದೆ. ಖರೀದಿಸುವಾಗ ಪರವಾನಗಿಯನ್ನು ಹಾಜರುಪಡಿಸಿ, ಅದರಲ್ಲಿ ನಮೂದು ಮಾಡಿಸಿಕೊಂಡು ರಸೀದಿ ಪಡೆಯತಕ್ಕದ್ದು. ಪೆಟ್ಟಿಗೆಯ ಮೇಲಿನ ಬೋರ್ ಮತ್ತು ತೋಟಾದ ಉದ್ದವು ತಮ್ಮ ಬಂದೂಕಿಗೆ ಹೊಂದುತ್ತದೆಯೇ ಎಂದು ಪರಿಶೀಲಿಸತಕ್ಕದ್ದು. ಪರವಾನಗಿ ಇಲ್ಲದ ನೆರೆಹೊರೆಯವರಿಗೆ ಒಂದು ತೋಟಾವನ್ನು ಕೊಡುವುದೂ ಅಪರಾಧವಾಗಿರುತ್ತದೆ.

7. ವನ್ಯಜೀವಿಗಳ ಬಗ್ಗೆ ಎಚ್ಚರಿಕೆ

ಬಂದೂಕು ಪರವಾನಗಿಯು ಬೇಟೆಯ ಪರವಾನಗಿಯಲ್ಲ. ಸಿರುಗುಪ್ಪದ ಎರೆಭೂಮಿಯು ಅಳಿವಿನಂಚಿನಲ್ಲಿರುವ ಎರೆಭೂತ ಪಕ್ಷಿಯ ನೆಲೆಯೆಂದು ಗುರುತಿಸಲ್ಪಟ್ಟಿದೆ. ಈ ಪಕ್ಷಿ, ಕೃಷ್ಣಮೃಗ, ಕರಡಿ ಮತ್ತು ಚಿರತೆಗಳು ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ 1ನೇ ಅನುಸೂಚಿಯಲ್ಲಿವೆ. ಬೆಳೆಹಾನಿ ಉಂಟಾದಲ್ಲಿ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಿ, ಪರಿಹಾರಕ್ಕೆ ಅರ್ಜಿ ಸಲ್ಲಿಸತಕ್ಕದ್ದು.

8. ಪರವಾನಗಿದಾರರು ಮೃತಪಟ್ಟಲ್ಲಿ

ತಂದೆಯ ಅಥವಾ ಹಿರಿಯರ ಕಾಲದ ಬಂದೂಕು ಮತ್ತು ತೋಟಾಗಳು ಅವರ ಮರಣಾನಂತರ ಮನೆಯಲ್ಲಿ ಉಳಿದಿದ್ದಲ್ಲಿ, 21ನೇ ಪ್ರಕರಣದಂತೆ ಅವುಗಳನ್ನು ಅನಗತ್ಯ ವಿಳಂಬವಿಲ್ಲದೆ ಸಮೀಪದ ಪೊಲೀಸ್ ಠಾಣೆಯಲ್ಲಿ ಅಥವಾ ಅಧಿಕೃತ ಮಾರಾಟಗಾರರಲ್ಲಿ ಠೇವಣಿ ಇರಿಸಿ ರಸೀದಿ ಪಡೆಯತಕ್ಕದ್ದು. ಆಯುಧ ನಿಯಮಗಳು, 2016ರ ಅನ್ವಯ ಅರ್ಹ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೋರಿ ಅರ್ಜಿ ಸಲ್ಲಿಸಬಹುದು. ತುಕ್ಕು ಹಿಡಿದ ಅಥವಾ ತೇವಗೊಂಡ ತೋಟಾಗಳನ್ನು ಬಿಚ್ಚುವುದಾಗಲಿ, ಸುಡುವುದಾಗಲಿ, ಬಾವಿ ಕಾಲುವೆಗಳಿಗೆ ಎಸೆಯುವುದಾಗಲಿ ಮಾಡತಕ್ಕದ್ದಲ್ಲ. ಅವುಗಳನ್ನು ಮುಟ್ಟದೆ ಠಾಣೆಗೆ ಮಾಹಿತಿ ನೀಡಿ, ಅಲ್ಲಿನ ಸೂಚನೆಯಂತೆ ಒಪ್ಪಿಸತಕ್ಕದ್ದು.

9. ಮೇಲ್ಮನವಿ

ಅರ್ಜಿ ತಿರಸ್ಕೃತವಾದಲ್ಲಿ ಅಥವಾ ಪರವಾನಗಿ ರದ್ದಾದಲ್ಲಿ 18ನೇ ಪ್ರಕರಣದ ಅಡಿ ನಿಗದಿತ ಅವಧಿಯೊಳಗೆ ಮೇಲ್ಮನವಿ ಸಲ್ಲಿಸಬಹುದು. ಹೆಚ್ಚಿನ ವಿವರಗಳಿಗೆ ಜಿಲ್ಲಾಧಿಕಾರಿಗಳ ಕಚೇರಿ, ಬಳ್ಳಾರಿ ಅಥವಾ ತಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಯನ್ನು ಸಂಪರ್ಕಿಸುವುದು.