ಪಟದ ಬೆನ್ನಿನ ಬರಹ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ — ಈ ನಾಲ್ಕು ಸೀಮೆಗಳ ಯಾವ ಹಳೆಯ ಮನೆಗೆ ಹೋದರೂ ನಡುಮನೆಯ ಗೋಡೆಯ ಮೇಲೆ ಆ ಮನೆತನದ ಚರಿತ್ರೆಯ ಒಂದೆರಡು ಪುಟಗಳು ಕಾಣಸಿಗುತ್ತವೆ. ಕಟ್ಟು ಹಾಕಿಸಿ, ಕೊಂಚ ಮುಂದಕ್ಕೆ ಬಾಗಿಸಿ ತೂಗುಹಾಕಿದ ಪಟಗಳು. ಕುರ್ಚಿಯಲ್ಲಿ ಕುಳಿತ ಅಜ್ಜ, ಪಕ್ಕದಲ್ಲಿ ನಿಂತ ಅಜ್ಜಿ, ಗಾಜಿನ ಮೇಲೆ ಹಬ್ಬದ ದಿನ ಇಟ್ಟ ಕುಂಕುಮ. ಈಚೆಗೆ ಕಟ್ಟಿದ ಮನೆಗಳಲ್ಲಿ ಆ ಗೋಡೆ ಬರಿದಾಗಿರುವುದೇ ಹೆಚ್ಚು. ಚಿತ್ರಗಳೆಲ್ಲ ಮೊಬೈಲಿನೊಳಗೆ ಸೇರಿವೆ. ಕೈಯಲ್ಲಿ ಹಿಡಿಯುವ ಪಟ ಮೇಲೋ, ಡಿಜಿಟಲ್ ಚಿತ್ರ ಮೇಲೋ ಎಂದು ಹಿರಿಯರೂ ಕಿರಿಯರೂ ವಾದಿಸುವುದನ್ನು ಅನೇಕ ಸಲ ಕೇಳಿದ್ದೇನೆ. ಕನ್ನಡ ಪಾಠ ಹೇಳುವವನಿಗೆ ಇದರಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಒಂದು ಬರಹ ಹೇಗೆ ಉಳಿಯುತ್ತದೆ, ಹೇಗೆ ಅಳಿಯುತ್ತದೆ ಎಂಬುದು ನಮ್ಮ ವಿದ್ಯೆಯ ಹಳೆಯ ಪ್ರಶ್ನೆ. ಇದೂ ಅದೇ ಪ್ರಶ್ನೆಯಲ್ಲವೇ?

ಈ ವಾದದ ಬೇರು ಛಾಯಾಚಿತ್ರದಷ್ಟೇ ಹಳೆಯದು. ೧೮೩೯ರಲ್ಲಿ ಫ್ರಾನ್ಸಿನ ಡಾಗೇರನ ಚಿತ್ರಗಳನ್ನು ಲೋಕ ಕಂಡಿತು. ಅವು ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ ಮೂಡಿದವು. ಒಂದೊಂದೂ ಒಂದೇ, ಪ್ರತಿಯೆಂಬುದಿಲ್ಲ. ಇಂಗ್ಲೆಂಡಿನ ಟಾಲ್ಬಟ್ ೧೮೪೧ರಲ್ಲಿ ಪೇಟೆಂಟು ಪಡೆದ ಕ್ರಮದಲ್ಲಾದರೋ ಕಾಗದದ ನೆಗೆಟಿವಿನಿಂದ ಬೇಕಾದಷ್ಟು ಪ್ರತಿಗಳನ್ನು ತೆಗೆಯಬಹುದಾಗಿತ್ತು. ೧೮೫೪ರಲ್ಲಿ ಲಿನಿಯಸ್ ಟ್ರೈಪ್ ಬೇಲೂರು ಹಳೇಬೀಡುಗಳ ಗುಡಿಗಳ ಚಿತ್ರ ತೆಗೆದದ್ದು ಇಂಥ ಕಾಗದದ ನೆಗೆಟಿವಿನ ಮೇಲೆಯೇ. ಒಂದೇ ಆಗಿ ಬೆಲೆಬಾಳುವುದು ಒಂದು ದಾರಿ. ಹಲವಾಗಿ ಬಾಳುವುದು ಇನ್ನೊಂದು.

ನಮ್ಮ ಹಳ್ಳಿಗಳಲ್ಲಿ, ಪಟ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂಬ ಅಂಜಿಕೆ ಬಹುಕಾಲ ಇತ್ತು. ಸ್ಟುಡಿಯೋಕ್ಕೆ ಕೊಡಲು ಹಣವೂ ಇರಲಿಲ್ಲ. ೧೯೯೩ರಲ್ಲಿ ಚುನಾವಣಾ ಆಯೋಗ ಭಾವಚಿತ್ರವುಳ್ಳ ಮತದಾರರ ಗುರುತಿನ ಚೀಟಿಯನ್ನು ಜಾರಿಗೆ ತಂದ ಮೇಲೆ ಎಷ್ಟೋ ಮುದುಕಿಯರು ಮೊದಲ ಸಲ ಕ್ಯಾಮೆರಾದ ಮುಂದೆ ಕುಳಿತರು. ಅವರು ತೀರಿಕೊಂಡಾಗ ತಿಥಿಯ ದಿನ ಹಾರ ಹಾಕುವುದಕ್ಕೆ ಆ ಚೀಟಿಯ ಬೆರಳಗಲದ ಮುಖವನ್ನೇ ದೊಡ್ಡದು ಮಾಡಿಸಿದ ಮನೆಗಳನ್ನು ನಾನು ಬಲ್ಲೆ. ಒಂದು ಪಟದ ಬೆಲೆ ಎಷ್ಟೆಂದು ಆ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಕಾಗದದ ಪಟವೆಲ್ಲ ಶಾಶ್ವತವೆಂದು ತಿಳಿಯಬಾರದು. ಹಳೆಯ ಕಪ್ಪುಬಿಳುಪಿನ ಪಟದಲ್ಲಿ ಮುಖವನ್ನು ಹಿಡಿದಿಟ್ಟದ್ದು ಬೆಳ್ಳಿಯ ಕಣ. ಚೆನ್ನಾಗಿ ತೊಳೆದು ಸಂಸ್ಕರಿಸಿದ್ದರೆ ಅದು ನೂರು ವರ್ಷಕ್ಕೂ ಮಿಕ್ಕಿ ಉಳಿದೀತು. ಅನಂತರ ಬಂದ ಬಣ್ಣದ ಪಟದಲ್ಲಿರುವುದು ಬಣ್ಣದ ರಸಾಯನ ಮಾತ್ರ. ಅದು ಬೆಳಕಿಗೂ ಬಿಸಿಗೂ ಮಾಸುತ್ತದೆ. ಅಜ್ಜನ ಮುಖ ಸ್ಪಷ್ಟವಾಗಿದ್ದು, ಮಗನ ಮದುವೆಯ ಆಲ್ಬಮ್ಮು ಕೆಂಪಗೆ ತಿರುಗಿರುವುದು ಇದರಿಂದಲೇ.

೧೯೭೫ನೆಯ ಇಸವಿಯಲ್ಲಿ ಎರಡು ಸಂಗತಿಗಳು ನಡೆದವು. ಕೊಡಕ್ ಸಂಸ್ಥೆಯ ಇಂಜಿನಿಯರು ಸ್ಟೀವನ್ ಸ್ಯಾಸನ್ ಫಿಲ್ಮಿಲ್ಲದ ಕ್ಯಾಮೆರಾ ಒಂದನ್ನು ಮಾಡಿದ. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು ಅದಕ್ಕೆ ೨೩ ಸೆಕೆಂಡು ಬೇಕಾಗಿತ್ತು. ಅದೇ ವರ್ಷ ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ ತೆರೆಗೆ ಬಂತು. ಆ ಚಿತ್ರದ ಮೂಲ ನೆಗೆಟಿವು ಕಾಲಕ್ರಮದಲ್ಲಿ ಕೆಟ್ಟಿತು. ಇಂಗ್ಲೆಂಡಿನ ಗೋದಾಮೊಂದರಲ್ಲಿ ಸಿಕ್ಕಿದ್ದೂ ಸೇರಿದಂತೆ, ಬೇರೆಡೆ ಉಳಿದಿದ್ದ ಪ್ರತಿಗಳಿಂದ ಡಿಜಿಟಲ್ ಕ್ರಮದಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿ ೨೦೨೫ರಲ್ಲಿ ಇಟಲಿಯ ಬೊಲೋನ್ಯದಲ್ಲಿ ತೋರಿಸಿದರು. ವಸ್ತು ಎಲ್ಲೋ ಉಳಿದಿದ್ದರಿಂದ ಡಿಜಿಟಲ್ ವಿದ್ಯೆಗೆ ಕೆಲಸ ಸಿಕ್ಕಿತು; ಡಿಜಿಟಲ್ ವಿದ್ಯೆ ಇದ್ದುದರಿಂದ ವಸ್ತುವಿಗೆ ಮರುಜೀವ ಬಂತು.

ಕನ್ನಡಕ್ಕೆ ಇದು ಹೊಸ ಪಾಠವಲ್ಲ. ನಮ್ಮಲ್ಲಿ ಕಲ್ಲಿನ ಶಾಸನವೂ ಇತ್ತು, ಓಲೆಗರಿಯೂ ಇತ್ತು. ಕಲ್ಲು ತಾನೇ ನಿಂತು ಬಾಳಿತು; ಓಲೆ ನಕಲಾಗಿ ಬಾಳಿತು. ಪೊನ್ನನ ಶಾಂತಿಪುರಾಣವನ್ನು ಅತ್ತಿಮಬ್ಬೆ ೧೦೦೦ ಪ್ರತಿ ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಕಲ್ಲಿಗೂ ನಕಲು ಬೇಕಾಯಿತು: ಬಿ. ಎಲ್. ರೈಸ್ ೧೯೦೫ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ೯ನೆಯ ಸಂಪುಟದಲ್ಲಿ ಮಾಗಡಿ, ಚನ್ನಪಟ್ಟಣ, ಕನಕಪುರ ಸೀಮೆಗಳ ಶಾಸನಗಳು ಅಚ್ಚಾದವು. ಕಲ್ಲು ಕಳೆದುಹೋದ ಕಡೆ ಆ ಅಚ್ಚಿನ ಪಾಠವೇ ನಮಗೆ ಗತಿ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಓಲೆಯ ಪ್ರತಿಕಾರನು ಎಷ್ಟೋ ವೇಳೆ ಕೊನೆಯ ಗರಿಯಲ್ಲಿ ತನ್ನ ಹೆಸರನ್ನೂ ಸಂವತ್ಸರವನ್ನೂ ಬರೆದಿಡುತ್ತಿದ್ದನು. ಹೆಸರಿಲ್ಲದ ಮುಖ ಪಟದಲ್ಲಿದ್ದರೇನು, ಫೋನಿನಲ್ಲಿದ್ದರೇನು, ಚರಿತ್ರೆಗೆ ಅದು ಮೂಕ.

ಒಮ್ಮೆ ನನ್ನ ವಿದ್ಯಾರ್ಥಿಗಳಿಗೆ ಮನೆಯ ಅತ್ಯಂತ ಹಳೆಯ ಚಿತ್ರವನ್ನು ತರಲು ಹೇಳಿದೆ. ಒಬ್ಬಳು ತಂದ ಪಟದ ಬೆನ್ನಿನ ಮೇಲೆ ಐದು ಹೆಸರುಗಳೂ ಒಂದು ಜಾತ್ರೆಯ ಹೆಸರೂ ಮಾಸಿದ ಶಾಯಿಯಲ್ಲಿದ್ದವು. ಅದನ್ನು ಓದುತ್ತ ಅವಳು ತನ್ನ ಮುತ್ತಜ್ಜಿಯ ತವರೂರನ್ನು ಕಂಡುಕೊಂಡಳು. ಇನ್ನೊಬ್ಬನ ಫೋನಿನಲ್ಲಿ ಸಾವಿರಾರು ಚಿತ್ರಗಳಿದ್ದವು. ಆದರೆ ತನ್ನ ಬಾಲ್ಯದ್ದು ಒಂದೂ ಇರಲಿಲ್ಲ. ಅವೆಲ್ಲ ತಂದೆಯ ಹಳೆಯ ಫೋನಿನ ಮೆಮೊರಿ ಕಾರ್ಡಿನೊಡನೆ ಹೋಗಿದ್ದವು. ಮುತ್ತಜ್ಜಿಯ ಮುಖ ಉಳಿದು ಮಗುವಿನ ಮುಖ ಹೋಗುವಂತಾದದ್ದು ನಮ್ಮ ಕಾಲದ ವಿಪರೀತ.

ಆದಕಾರಣ ಪಟವೋ ಡಿಜಿಟಲ್ಲೋ ಎಂಬ ಜಗಳ ವ್ಯರ್ಥವೆಂದೇ ನನ್ನ ಅಭಿಪ್ರಾಯ. ಗೋಡೆಯ ಪಟಗಳ ಡಿಜಿಟಲ್ ಪ್ರತಿ ಮಾಡಿ ಅಣ್ಣತಮ್ಮಂದಿರ, ಅಕ್ಕತಂಗಿಯರ ಮನೆಗಳಿಗೆಲ್ಲ ಕೊಡಬೇಕು. ಆದರೆ ವಾಟ್ಸಾಪಿನಲ್ಲಿ ಹಾಗೆಯೇ ಕಳುಹಿಸಿದ ಚಿತ್ರ ಕುಗ್ಗಿ ಬರುತ್ತದೆಂಬುದು ನೆನಪಿರಲಿ. ಫೋನಿನ ರಾಶಿಯಿಂದ ವರ್ಷಕ್ಕೆ ಹತ್ತನ್ನಾದರೂ ಆರಿಸಿ ಅಚ್ಚು ಹಾಕಿಸಬೇಕು. ಎರಡಕ್ಕೂ ಹೆಸರು, ಊರು, ಇಸವಿ ಬರೆಯಬೇಕು. ಪಟದಲ್ಲಿರುವವರನ್ನು ಬೆರಳಿಟ್ಟು ಗುರುತಿಸಬಲ್ಲ ಅಜ್ಜಿ ಮನೆಯಲ್ಲಿದ್ದರೆ, ಈ ಕೆಲಸವನ್ನು ಬರುವ ಹಬ್ಬದವರೆಗೆ ಮುಂದೂಡದಿರುವುದು ಒಳ್ಳೆಯದು.